ಹಳೇ ಪಿಕಪ್ಪಿನ ಹೆಡ್‌ಲೈಟು ಮತ್ತು ಹತ್ತನೇ ತರಗತಿಯ ನಿಮ್ನ ದರ್ಪಣ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಕಂಪ್ಲಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ನಮ್ಮೂರು ಮೆಟ್ರಿಯಿಂದ ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದೆ. ಹತ್ತನೇ ತರಗತಿಯ ‘ಬೆಳಕು: ಪ್ರತಿಫಲನ ಮತ್ತು ವಕ್ರೀಭವನ’ ಘಟಕದಲ್ಲಿ ನಿಮ್ನ ದರ್ಪಣದ ಉಪಯೋಗಗಳು ನನ್ನ ಪಾಲಿಗೆ ಬಂದಿದ್ದವು. ಪಾಠ ಯೋಜನೆ ಅಚ್ಚುಕಟ್ಟಾಗಿ ಬರೆದಿದ್ದೆ, ಚಾರ್ಟಿಗೆ ಬಣ್ಣ ಹಾಕಿದ್ದೆ. ಆ ಪಾಠದಲ್ಲಿ ನಾನು ಒಂದು ತಪ್ಪು ಉತ್ತರ ಕೊಟ್ಟೆ. ಅದು ತಪ್ಪೆಂದು ಗೊತ್ತಾಗಿದ್ದು ಯಾವ ಪುಸ್ತಕದಿಂದಲೂ ಅಲ್ಲ. ನಮ್ಮ ದೊಡ್ಡಪ್ಪನ ಪಿಕಪ್ ಗಾಡಿಯ ಹೆಡ್‌ಲೈಟು ಬದಲಿಸುವಾಗ ಗೊತ್ತಾಯಿತು. ಆ ಕೆಲಸವನ್ನೂ ಆಮೇಲೆ ತರಗತಿಗೆ ಹೋಗಿ ತಪ್ಪು ತಿದ್ದಿಕೊಂಡ ಬಗೆಯನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಗ್ರಾಮೀಣ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಉಪಯೋಗಕ್ಕೆ ಬಂದೀತು.

ತರಗತಿಯಲ್ಲಿ ನಡೆದದ್ದು

“ನಿಮ್ನ ದರ್ಪಣವನ್ನು ಎಲ್ಲೆಲ್ಲಿ ಬಳಸುತ್ತಾರೆ?” ಎಂದು ಕೇಳಿದೆ. ಮಕ್ಕಳು ಒಂದೇ ಉಸಿರಿನಲ್ಲಿ ಹೇಳಿದರು: ಟಾರ್ಚು, ವಾಹನದ ಹೆಡ್‌ಲೈಟು, ಹಲ್ಲಿನ ಡಾಕ್ಟರ ಕನ್ನಡಿ, ಸೌರ ಕುಲುಮೆ. ನನಗೆ ಖುಷಿಯಾಯಿತು. ಕಪ್ಪುಹಲಗೆಯ ಮೇಲೆ ದರ್ಪಣ ಬರೆದು, ಧ್ರುವ, ವಕ್ರತಾ ಕೇಂದ್ರ, ಪ್ರಧಾನ ಸಂಗಮ ಗುರುತಿಸಿ, “ಬಲ್ಬು ಸಂಗಮದಲ್ಲಿರುತ್ತದೆ, ಆದ್ದರಿಂದ ಪ್ರತಿಫಲಿತ ಕಿರಣಗಳು ಪ್ರಧಾನ ಅಕ್ಷಕ್ಕೆ ಸಮಾಂತರವಾಗಿ ಹೊರಡುತ್ತವೆ” ಎಂದೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ಬಲ್ಬು ಸಂಗಮದಾಗ ಇದ್ರ ಬೆಳಕು ಸೀದಾ ಹೋಗ್ತತಿ. ಹಂಗಾದ್ರ ಡಿಮ್ ಹೆಂಗ್ ಆಗ್ತತಿ? ಇರೋದು ಒಂದೇ ಬಲ್ಬು ಅಲ್ಲೇನ್ರಿ?”

ನಾನು ತಡವರಿಸದೆ ಹೇಳಿದೆ: “ಡಿಮ್ ಅಂದರೆ ಬೆಳಕು ಕಡಿಮೆ ಆಗುತ್ತದಮ್ಮಾ. ಸ್ವಿಚ್ಚು ಒತ್ತಿದರೆ ಕರೆಂಟು ಕಡಿಮೆ ಹೋಗುತ್ತದೆ.” ಅವಳು ಕೂತಳು. ಮುಖ ನೋಡಿದರೆ ಒಪ್ಪಿದ ಹಾಗಿರಲಿಲ್ಲ. ನಾನು ಮುಂದಿನ ಅಂಶಕ್ಕೆ ಹೋದೆ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ವರದಿಯಲ್ಲಿ ಒಂದೇ ಸಾಲು ಬರೆದಿದ್ದರು: “ಉಪಯೋಗಗಳನ್ನು ಹೇಳಿಸಿದ್ದೀರಿ, ಏಕೆ ಎಂದು ಕೇಳಿಲ್ಲ, ಕೇಳಿದವಳಿಗೆ ಉತ್ತರ ಸಿಕ್ಕಿತೇ ನೋಡಿ.”

ದೊಡ್ಡಪ್ಪನ ಗಾಡಿ

ಅದೇ ವಾರ ಮನೆಯಲ್ಲಿ ಬೇರೆ ಮಾತು ನಡೆದಿತ್ತು. ದೊಡ್ಡಪ್ಪನದು ಹದಿನೈದು ವರ್ಷ ದಾಟಿದ ಪಿಕಪ್. ಬೆಳಗಿನ ಜಾವ ಮೂರಕ್ಕೆ ಮೆಟ್ರಿಯಿಂದ ಮೆಣಸಿನಕಾಯಿ, ಬದನೆಕಾಯಿ ಹೇರಿಕೊಂಡು ಕಂಪ್ಲಿ ಮೇಲೆ ಹೊಸಪೇಟೆ ಮಾರುಕಟ್ಟೆಗೆ ಹೋಗುತ್ತಾರೆ. ಆ ದಿನ ಕಂಪ್ಲಿ ದಾಟಿದ ಮೇಲೆ ಕಬ್ಬು ತುಂಬಿದ ಟ್ರ್ಯಾಲಿಯೊಂದು ಟಯರು ಪಂಕ್ಚರಾಗಿ ರಸ್ತೆಯ ಎಡಕ್ಕೆ ನಿಂತಿತ್ತು. ಹಿಂದೆ ದೀಪವಿಲ್ಲ, ಕೆಂಪು ರಿಫ್ಲೆಕ್ಟರೂ ಇಲ್ಲ. ದೊಡ್ಡಪ್ಪನಿಗೆ ಅದು ಕಂಡಿದ್ದು ತೀರಾ ಹತ್ತಿರ ಬಂದಾಗ. ಸ್ಟೇರಿಂಗ್ ಬಲಕ್ಕೆ ಎಳೆದರು. ಎದುರಿಗೆ ಯಾವ ಗಾಡಿಯೂ ಇರಲಿಲ್ಲ, ಉಳಿದರು. ಮನೆಗೆ ಬಂದು ಚಹಾ ಕುಡಿಯುವಾಗಲೂ ಅವರ ಕೈ ಸಣ್ಣಗೆ ನಡುಗುತ್ತಿತ್ತು.

“ಲೈಟು ಮೊದ್ಲಿನಂಗ ಇಲ್ಲಪಾ. ನೂರು ವ್ಯಾಟಿನ ಬಲ್ಬು ಹಾಕಿಸ್ಬೇಕು” ಅಂದರು. ಪಕ್ಕದ ಮನೆಯವರು ಬಿಳಿ ಎಲ್‌ಇಡಿ ಹಾಕಿಸು ಅಂದರು. ನಾನು ವಿಜ್ಞಾನದ ಮೇಷ್ಟ್ರಾಗುವವನಲ್ಲವೇ, “ಮೊದಲು ಬೆಳಕು ಎಲ್ಲಿ ಹೋಗ್ತಾ ಇದೆ ನೋಡೋಣ ದೊಡ್ಡಪ್ಪಾ” ಅಂದೆ. ಭಾನುವಾರ ಇಬ್ಬರೂ ಗಾಡಿಯ ಮುಂದೆ ಕೂತೆವು.

ಬೆಳಕು ಎಲ್ಲಿ ಸೋರುತ್ತದೆ

ಹಳೇ ಗಾಡಿಯ ಹೆಡ್‌ಲೈಟು ಮಂಕಾಗಲು ಬಲ್ಬೊಂದೇ ಕಾರಣವಲ್ಲ. ಬ್ಯಾಟರಿಯಿಂದ ರಸ್ತೆಯವರೆಗೆ ಬೆಳಕು ನಾಲ್ಕು ಕಡೆ ಕಳೆದುಹೋಗುತ್ತದೆ. ನಾವು ಹೊರಗಿನಿಂದ ಒಳಗೆ ಒಂದೊಂದೇ ನೋಡಿದೆವು.

ಮೊದಲನೆಯದು ಮುಂದಿನ ಗಾಜು. ಗಾಜೆನ್ನುತ್ತೇವೆ, ನಮ್ಮ ಗಾಡಿಯದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಅದರ ಮೇಲೆ ತೆಳುವಾದ ರಕ್ಷಣಾ ಲೇಪನ ಇರುತ್ತದೆ. ಬಳ್ಳಾರಿ ಸೀಮೆಯ ಬಿಸಿಲಿನ ನೇರಳಾತೀತ ಕಿರಣಗಳು ವರ್ಷಗಟ್ಟಲೆ ಬಿದ್ದು ಆ ಲೇಪನ ಸವೆದುಹೋದರೆ ಒಳಗಿನ ಪ್ಲಾಸ್ಟಿಕ್ಕು ಹಳದಿಯಾಗುತ್ತದೆ. ಸಂಡೂರಿನ ಕಡೆ ಓಡಾಡಿದ ಗಾಡಿಯಾದರೆ ಅದಿರಿನ ಕೆಂಪು ಧೂಳು ಸಣ್ಣ ಸಣ್ಣ ಗೀರು ಹಾಕಿರುತ್ತದೆ. ಗೀರಿನ ಮೇಲೆ ಬಿದ್ದ ಬೆಳಕು ಮುಂದೆ ಹೋಗದೆ ಅಡ್ಡಾದಿಡ್ಡಿ ಚದುರುತ್ತದೆ. ದೊಡ್ಡಪ್ಪ ಎರಡು ಸಲ ಹಲ್ಲುಜ್ಜುವ ಪೇಸ್ಟ್ ಹಚ್ಚಿ ಉಜ್ಜಿದ್ದರಂತೆ. ಪೇಸ್ಟಿನ ನುಣುಪು ಪುಡಿ ಮೇಲಿನ ಹಳದಿ ಪದರವನ್ನು ಉಜ್ಜಿ ತೆಗೆಯುತ್ತದೆ, ಒಂದಷ್ಟು ದಿನ ಹೊಳೆಯುತ್ತದೆ. ಕಾಪಾಡುವ ಲೇಪನ ಮಾತ್ರ ವಾಪಸು ಬರುವುದಿಲ್ಲ. ಅದಕ್ಕೇ ಮತ್ತೆ ಬೇಗ ಹಳದಿಯಾಗುತ್ತದೆ.

ಎರಡನೆಯದು ಒಳಗಿನ ದರ್ಪಣ. ಅಲ್ಯೂಮಿನಿಯಮ್ಮಿನ ಬಹಳ ತೆಳುವಾದ ಪದರ ಅದು. ನಮ್ಮ ಗಾಡಿಯ ಡೂಮಿನ ಹಿಂದಿದ್ದ ರಬ್ಬರ್ ಟೋಪಿ ಹರಿದಿತ್ತು. ಅಲ್ಲಿಂದ ಮಳೆಗಾಲದಲ್ಲಿ ತೇವ, ಬೇಸಿಗೆಯಲ್ಲಿ ಧೂಳು ಒಳಗೆ ಸೇರಿ ದರ್ಪಣದ ಕೆಳಭಾಗ ಬೂದು ಬಣ್ಣಕ್ಕೆ ತಿರುಗಿ ಸಿಪ್ಪೆ ಏಳುತ್ತಿತ್ತು. ಮುಂದಿನ ಪ್ಲಾಸ್ಟಿಕ್ಕನ್ನು ಉಜ್ಜಿ ಸರಿ ಮಾಡಬಹುದು. ಸಿಪ್ಪೆ ಎದ್ದ ದರ್ಪಣವನ್ನು ಉಜ್ಜಿದರೆ ಇರುವುದೂ ಹೋಗುತ್ತದೆ. ಡೂಮ್ ಪೂರ್ತಿ ಬದಲಿಸಲೇಬೇಕು ಎಂದು ತೀರ್ಮಾನವಾಗಿದ್ದು ಇಲ್ಲಿ.

ಮೂರನೆಯದು ಬಲ್ಬು. ಹ್ಯಾಲೊಜನ್ ಬಲ್ಬಿನಲ್ಲಿ ತಂತುವಿನಿಂದ ಆವಿಯಾದ ಟಂಗ್‌ಸ್ಟನ್ ಒಳಗಿನ ಹ್ಯಾಲೊಜನ್ ಅನಿಲದ ಜೊತೆ ಕೂಡಿ ಮತ್ತೆ ತಂತುವಿಗೇ ಮರಳುತ್ತದೆ. ಅದಕ್ಕೇ ಗಾಜು ಹಳೇ ಬಲ್ಬಿನಂತೆ ಬೇಗ ಕಪ್ಪಾಗುವುದಿಲ್ಲ. ಆದರೂ ತಂತು ಸವೆಯುತ್ತದೆ. ಆದ್ದರಿಂದ ಒಂದು ಕಡೆ ಬಲ್ಬು ಹೋದರೆ ಎರಡೂ ಕಡೆ ಬದಲಿಸುವುದು ಒಳ್ಳೆಯದು. ಇನ್ನೊಂದೂ ಅಷ್ಟೇ ಗಂಟೆ ಉರಿದಿರುತ್ತದೆ.

ನಾಲ್ಕನೆಯದು ವೈರು, ಯಾರ ಕಣ್ಣಿಗೂ ಬೀಳದ್ದು. ಇಂಜಿನ್ ಚಾಲೂ ಮಾಡಿ, ಲೈಟು ಹಾಕಿ, ಮಲ್ಟಿಮೀಟರಿನಲ್ಲಿ ನೋಡಿದೆ. ಬ್ಯಾಟರಿಯಲ್ಲಿ 13.8 ವೋಲ್ಟ್ ಇತ್ತು, ಎಡಗಡೆ ಬಲ್ಬಿನ ಕಪ್ಲರಿನಲ್ಲಿ 11.6. ನಡುವೆ 2.2 ವೋಲ್ಟ್ ಮಾಯ. ಬಾಡಿಗೆ ಅರ್ಥ್ ಕೊಟ್ಟ ಬೋಲ್ಟು ತುಕ್ಕು ಹಿಡಿದಿತ್ತು, ಕಪ್ಲರಿನ ಪಿನ್ನು ಕಪ್ಪಾಗಿತ್ತು. ನಾವು ಕಪ್ಪುಹಲಗೆಯ ಮೇಲೆ ಬರೆಯುವ ಓಮ್ ನಿಯಮ ಇಲ್ಲೇ ಇದೆ: ಸುಮಾರು 5 ಆಂಪಿಯರ್ ಹರಿಯುವ ದಾರಿಯಲ್ಲಿ ಅರ್ಧ ಓಮ್ ರೋಧ ಸೇರಿಕೊಂಡರೂ ಎರಡೂವರೆ ವೋಲ್ಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ.

ಎರಡು ವೋಲ್ಟಿಗೆ ಏನಾಗುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಆದರೆ ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ನೇರ ಪ್ರಮಾಣದಲ್ಲಿ ಇಳಿಯುವುದಿಲ್ಲ, ಸುಮಾರು 3.4ನೇ ಘಾತದಲ್ಲಿ ಇಳಿಯುತ್ತದೆ. ವೋಲ್ಟೇಜು ಶೇಕಡ 10 ಕಡಿಮೆಯಾದರೆ ಬೆಳಕು ಶೇಕಡ 30ರಷ್ಟು ಕಡಿಮೆ. ನಮ್ಮ ಗಾಡಿಯಲ್ಲಿ ಶೇಕಡ 16 ಕಡಿಮೆಯಾಗಿತ್ತು. ಲೆಕ್ಕ ಹಾಕಿದರೆ ಉಳಿದ ಬೆಳಕು ಶೇಕಡ 55! ಬಲ್ಬಿನ ತಪ್ಪು ಏನೂ ಇಲ್ಲದೆ ಅರ್ಧದಷ್ಟು ಬೆಳಕು ತುಕ್ಕಿನ ಪಾಲಾಗಿತ್ತು. ನೂರು ವ್ಯಾಟಿನ ಬಲ್ಬು ಹಾಕಿದ್ದರೆ ಅದೇ ತುಕ್ಕಿನ ಮೂಲಕ ಎಂಟು ಆಂಪಿಯರಿಗೂ ಹೆಚ್ಚು ಹರಿಯಬೇಕಾಗಿತ್ತು. ಇನ್ನೂ ಹೆಚ್ಚು ವೋಲ್ಟೇಜು ಅಲ್ಲೇ ನಷ್ಟವಾಗಿ, ಕಪ್ಲರು ಕರಗಿ, ಹಳೇ ವೈರು ಸುಡುತ್ತಿತ್ತು.

ಬೋಲ್ಟು ಬಿಚ್ಚಿ, ಎಮರಿ ಪೇಪರಿನಿಂದ ತುಕ್ಕು ಕೆರೆದು, ಎರಡು ಹೊಸ ಕಪ್ಲರ್ ಹಾಕಿಸಿದ ಮೇಲೆ ಬಲ್ಬಿನ ಹತ್ತಿರ 13.2 ವೋಲ್ಟ್ ಬಂತು. ಇಷ್ಟಕ್ಕೇ ಲೈಟು ಅರ್ಧ ಸುಧಾರಿಸಿತು. ದೊಡ್ಡಪ್ಪ ನೂರು ವ್ಯಾಟಿನ ಮಾತು ಬಿಟ್ಟರು.

ಬಿಚ್ಚುವುದು, ಕೂರಿಸುವುದು

ಡೂಮ್ ಬಿಚ್ಚುವ ಮುಂಚೆ ಒಂದು ಕೆಲಸ ಮಾಡಿದೆವು. ಮಾರನೇ ದಿನದ ಸರಕು ಹೇರಿದ್ದ ಗಾಡಿಯನ್ನು ಸಮತಟ್ಟು ನೆಲದಲ್ಲಿ, ಗೋದಾಮಿನ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ, ಡಿಮ್ ಹಾಕಿ, ಬೆಳಕು ಎಲ್ಲಿಯವರೆಗೆ ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಹಾಕಿದೆವು. ಆ ಗೆರೆಗಳ ವಿಷಯ ಮುಂದೆ ಹೇಳುತ್ತೇನೆ.

ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆವು. ಮುಂದಿನ ಜಾಲರಿಯ ಸ್ಕ್ರೂ ತೆಗೆದರೆ ಡೂಮಿನ ಬೋಲ್ಟುಗಳು ಕೈಗೆ ಸಿಗುತ್ತವೆ. ನಮ್ಮ ಗಾಡಿಗೆ ಹತ್ತು ನಂಬರ್ ಸ್ಪ್ಯಾನರ್ ಸಾಕಾಯಿತು. ಹಳೇ ಪ್ಲಾಸ್ಟಿಕ್ಕು ಒಣಗಿ ಗಟ್ಟಿಯಾಗಿರುತ್ತದೆ, ಜಗ್ಗಿದರೆ ಮುರಿಯುತ್ತದೆ. ಕಪ್ಲರನ್ನು ವೈರು ಹಿಡಿದು ಎಳೆಯಬಾರದು, ಕೊಕ್ಕೆ ಒತ್ತಿ ಕಪ್ಲರನ್ನೇ ಹಿಡಿದು ಎಳೆಯಬೇಕು. ಬಿಚ್ಚಿದ ಸ್ಕ್ರೂಗಳನ್ನು ದೊಡ್ಡಮ್ಮ ಕೊಟ್ಟ ಸ್ಟೀಲ್ ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಟ್ಟೆ.

ಎಡಗಡೆ ಡೂಮ್ ಹೊರಗೆ ಬಂದಾಗ ಒಂದು ವಿಷಯ ಕಂಡಿತು. ಡೂಮನ್ನು ಮೇಲೆ ಕೆಳಗೆ ತಿರುಗಿಸುವ ತಿರುಪು ಕೂರುವ ಪ್ಲಾಸ್ಟಿಕ್ ಗುಬ್ಬಿ ಮುರಿದುಹೋಗಿತ್ತು. ಗಾಡಿ ಕುಲುಕಿದಾಗಲೆಲ್ಲ ಡೂಮ್ ಮುಂದಕ್ಕೆ ಬಾಗುತ್ತಿತ್ತು.

ಹೊಸ ಡೂಮ್ ಕೊಳ್ಳುವಾಗ ಮೂರು ವಿಷಯ ನೋಡಬೇಕು. ನಿಮ್ಮ ಗಾಡಿಯ ಮಾದರಿ ಮತ್ತು ವರ್ಷಕ್ಕೆ ಹೊಂದಬೇಕು. ಎಡಬದಿಯ ಸಂಚಾರಕ್ಕೆ ಮಾಡಿದ್ದಾಗಿರಬೇಕು. ಹಿಂದಿನ ರಬ್ಬರ್ ಟೋಪಿ ಜೊತೆಗೇ ಇರಬೇಕು. ಬಲ್ಬು ಕೂರಿಸುವಾಗ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಬೆವರಿನ ಉಪ್ಪು, ಎಣ್ಣೆ ಅಂಟಿದ ಜಾಗ ಬಿಸಿಗೆ ಹಾಳಾಗಿ ಗಾಜು ಸೀಳುವ ಸಾಧ್ಯತೆ ಇದೆ. ಅಡಿಯ ಲೋಹದ ಭಾಗವನ್ನೇ ಹಿಡಿಯಬೇಕು, ತಪ್ಪಿ ಮುಟ್ಟಿದರೆ ಸ್ಪಿರಿಟ್ ಹಚ್ಚಿದ ಶುಭ್ರ ಬಟ್ಟೆಯಿಂದ ಒರೆಸಬೇಕು.

ಬಲ್ಬಿನ ಅಡಿಯಲ್ಲಿ ಮೂರು ಕಿವಿಗಳಿವೆ. ಅವು ಮೂರೂ ಒಂದೇ ಅಂತರದಲ್ಲಿಲ್ಲ. ಆದ್ದರಿಂದ ಬಲ್ಬು ಒಂದೇ ರೀತಿಯಲ್ಲಿ ಕೂರುತ್ತದೆ, ಹೇಗೆ ಬೇಕಾದರೆ ಹಾಗೆ ಕೂರುವುದಿಲ್ಲ. ಉರಿಯುವ ಬಲ್ಬಿಗೆ ಮೇಲೇನು ಕೆಳಗೇನು? ಇದೇ ಪ್ರಶ್ನೆ ಹಿಡಿದು ನಾನು ಬಲ್ಬನ್ನು ಬಿಸಿಲಿಗೆ ಎತ್ತಿ ನೋಡಿದೆ. ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಅದರೊಳಗಿತ್ತು.

ಬಲ್ಬಿನೊಳಗಿನ ಪುಟ್ಟ ಬಟ್ಟಲು

ನಮ್ಮ ಗಾಡಿಯ ಬಲ್ಬು ಎಚ್4 ಮಾದರಿಯದು. ವಾಹನಗಳಿಗೆ ಹ್ಯಾಲೊಜನ್ ಬಲ್ಬು ಬಂದಿದ್ದು 1962ರಲ್ಲಿ, ಯೂರೋಪಿನಲ್ಲಿ. ಆ ಮೊದಲ ಮಾದರಿಯಲ್ಲಿ ಒಂದೇ ತಂತು ಇತ್ತು. ಹೈ ಮತ್ತು ಡಿಮ್ ಎರಡನ್ನೂ ಒಂದೇ ಬಲ್ಬಿನಲ್ಲಿ ಕೊಡುವ ಎಚ್4 ಬಂದಿದ್ದು 1971ರಲ್ಲಿ. ಅದರ ಮೇಲೆ 12 ವೋಲ್ಟ್, 60/55 ವ್ಯಾಟ್ ಎಂದು ಬರೆದಿರುತ್ತದೆ. ಹೈಗೆ 60, ಡಿಮ್‌ಗೆ 55.

ಅಲ್ಲಿಗೇ ನನ್ನ ಉತ್ತರ ಬಿದ್ದುಹೋಯಿತು. ಡಿಮ್ ಎಂದರೆ ಕರೆಂಟು ಕಡಿಮೆ ಹೋಗುವುದಲ್ಲ. 60ಕ್ಕೂ 55ಕ್ಕೂ ಎಷ್ಟು ವ್ಯತ್ಯಾಸ? ಡಿಮ್‌ನಲ್ಲಿ ಮುಖ್ಯವಾಗಿ ಬದಲಾಗುವುದು ಬೆಳಕು ಹೋಗುವ ದಿಕ್ಕು.

ಬಲ್ಬಿನೊಳಗೆ ಎರಡು ತಂತುಗಳಿವೆ. ಹೈ ತಂತು ದರ್ಪಣದ ಸಂಗಮದಲ್ಲಿ ಕೂರುತ್ತದೆ. ಅದರ ಬೆಳಕು ನಾವು ಪಾಠದಲ್ಲಿ ಹೇಳುವಂತೆಯೇ ಹೆಚ್ಚುಕಡಿಮೆ ಸಮಾಂತರವಾಗಿ, ದೂರಕ್ಕೆ ಹೋಗುತ್ತದೆ. ಡಿಮ್ ತಂತು ಸಂಗಮಕ್ಕಿಂತ ಸ್ವಲ್ಪ ಮುಂದೆ, ಅಂದರೆ ದರ್ಪಣದಿಂದ ಸ್ವಲ್ಪ ದೂರದಲ್ಲಿದೆ. ವಸ್ತು ಸಂಗಮದಿಂದ ಆಚೆ ಇದ್ದರೆ ಕಿರಣಗಳು ಏನಾಗುತ್ತವೆ? ಕೇಂದ್ರೀಕರಿಸುತ್ತವೆ, ಅಕ್ಷದ ಕಡೆಗೆ ಬಾಗುತ್ತವೆ. ದರ್ಪಣದ ಮೇಲರ್ಧಕ್ಕೆ ಬಡಿದ ಬೆಳಕು ಅಕ್ಷದ ಕಡೆಗೆ ಬಾಗಿದರೆ ಕೆಳಗೆ, ರಸ್ತೆಗೆ ಇಳಿಯುತ್ತದೆ. ನಮಗೆ ಬೇಕಾದ್ದೂ ಅದೇ. ಕೆಳಗಿನರ್ಧಕ್ಕೆ ಬಡಿದ ಬೆಳಕು ಅಕ್ಷದ ಕಡೆಗೆ ಬಾಗಿದರೆ ಮೇಲಕ್ಕೆ, ಎದುರಿನವನ ಕಣ್ಣಿಗೆ ಹೋಗುತ್ತದೆ. ಅದು ಬೇಡ. ಅದಕ್ಕಾಗಿಯೇ ಡಿಮ್ ತಂತುವಿನ ಕೆಳಗೆ ಲೋಹದ ಒಂದು ಪುಟ್ಟ ಬಟ್ಟಲು ಇಟ್ಟಿದ್ದಾರೆ. ಕೆಳಗೆ ಹೋಗುವ ಬೆಳಕನ್ನು ಅದು ತಡೆಯುತ್ತದೆ. ಡಿಮ್ ಹಾಕಿದಾಗ ದರ್ಪಣದ ಮೇಲರ್ಧಕ್ಕೆ ಮಾತ್ರ ಕೆಲಸ.

ಬಟ್ಟಲಿನ ಒಂದು ಅಂಚು 15 ಡಿಗ್ರಿಯಷ್ಟು ಓರೆಯಾಗಿದೆ. ಅದರಿಂದ ಡಿಮ್ ಬೆಳಕಿನ ಮೇಲಂಚು ರಸ್ತೆಯ ಬಲಕ್ಕೆ ಅಡ್ಡಗೆರೆಯಂತೆ ನೇರವಾಗಿರುತ್ತದೆ, ಎಡಕ್ಕೆ ಸ್ವಲ್ಪ ಮೇಲೇರುತ್ತದೆ. ನಾವು ಎಡಕ್ಕೆ ಹೋಗುವವರು. ಎಡ ಅಂಚಿನಲ್ಲಿ ನಡೆಯುವವರು, ನಿಂತ ಬಂಡಿ ದೂರದಿಂದಲೇ ಕಾಣಲಿ, ಬಲಕ್ಕೆ ಎದುರಿನಿಂದ ಬರುವವನ ಕಣ್ಣಿಗೆ ಬೀಳದಿರಲಿ ಎಂದು ಈ ಏರ್ಪಾಟು. ಬಲಬದಿಯ ಸಂಚಾರದ ದೇಶಕ್ಕೆ ಮಾಡಿದ ಡೂಮ್ ತಂದು ಹಾಕಿದರೆ ಇದು ತಿರುವುಮುರುವಾಗುತ್ತದೆ.

ಎಲ್‌ಇಡಿ ವಿಷಯವೂ ಇಲ್ಲಿಗೇ ಸೇರುತ್ತದೆ. ತಂತುವಿಗಾಗಿ ಲೆಕ್ಕ ಹಾಕಿ ಮಾಡಿದ ದರ್ಪಣದೊಳಗೆ, ಬೆಳಕಿನ ಮೂಲ ಬೇರೆ ಜಾಗದಲ್ಲಿ, ಬೇರೆ ಆಕಾರದಲ್ಲಿರುವ ಎಲ್‌ಇಡಿ ತುರುಕಿದರೆ ಬೆಳಕು ಹೆಚ್ಚಾಗಿ ಕಾಣುತ್ತದೆ, ರಸ್ತೆಗೆ ಬೀಳುವ ಬದಲು ಎಲ್ಲ ಕಡೆ ಚೆಲ್ಲುತ್ತದೆ. ಎಲ್‌ಇಡಿ ಕೆಟ್ಟದ್ದಲ್ಲ, ಅದಕ್ಕೆಂದೇ ಮಾಡಿದ ಡೂಮ್ ಬೇಕು.

ಪುಸ್ತಕದ ಬಗ್ಗೆಯೂ ಒಂದು ಮಾತು. ನಾವು ಗೋಳೀಯ ದರ್ಪಣ ಕಲಿಸುತ್ತೇವೆ. ಗೋಳೀಯ ದರ್ಪಣದ ಸಂಗಮದಲ್ಲಿ ದೀಪವಿಟ್ಟರೆ ಧ್ರುವದ ಹತ್ತಿರ ಬಿದ್ದ ಕಿರಣಗಳಷ್ಟೇ ಸರಿಯಾಗಿ ಸಮಾಂತರವಾಗುತ್ತವೆ. ಅಂಚಿಗೆ ಬಿದ್ದವು ದಾರಿ ತಪ್ಪುತ್ತವೆ. ಹೆಡ್‌ಲೈಟಿನಲ್ಲಿ ದರ್ಪಣ ಬಲ್ಬನ್ನು ಆಳವಾಗಿ ಸುತ್ತುವರಿದಿರುವುದರಿಂದ ಅಂಚಿನ ಬೆಳಕೇ ಜಾಸ್ತಿ. ಆದ್ದರಿಂದ ಇಲ್ಲಿ ಪರವಲಯದ ಆಕಾರ ಬಳಸುತ್ತಾರೆ. ಹತ್ತನೇ ತರಗತಿಗೆ ಇಷ್ಟು ಬೇಡ, ಆದರೆ ಕಲಿಸುವ ನಮಗೆ ಗೊತ್ತಿರಬೇಕು.

ಗೋಡೆ, ಟೇಪು, ಸೀಮೆಸುಣ್ಣ

ಹೊಸ ಡೂಮ್ ಕೂರಿಸಿ, ಲೈಟು ಹಾಕಿ, “ಆತು ಬಿಡಪಾ” ಅಂದರು ದೊಡ್ಡಪ್ಪ. ಆಗಿರಲಿಲ್ಲ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಡೂಮಿನ ದಿಕ್ಕು ಸರಿಹೊಂದಿಸುವವರೆಗೆ ಕೆಲಸ ಅರ್ಧವೇ ಆಗಿರುತ್ತದೆ.

ಮೊದಲು ಹಾಕಿದ್ದ ಗೆರೆಗಳನ್ನು ನೋಡೋಣ. ನೆಲದಿಂದ ಬಲ್ಬಿನ ಎತ್ತರ 80 ಸೆಂ.ಮೀ. ಐದು ಮೀಟರ್ ದೂರದ ಗೋಡೆಯ ಮೇಲೆ ಎಡಗಡೆ ಡೂಮಿನ ಬೆಳಕಿನ ಮೇಲಂಚು 60 ಸೆಂ.ಮೀ. ಎತ್ತರದಲ್ಲಿತ್ತು. ಐದು ಮೀಟರಿಗೆ 20 ಸೆಂ.ಮೀ. ಇಳಿದಿದೆ, ಅಂದರೆ ಮೀಟರಿಗೆ 4 ಸೆಂ.ಮೀ. ಸಮರೂಪ ತ್ರಿಭುಜದ ಲೆಕ್ಕದಲ್ಲಿ 80 ಸೆಂ.ಮೀ. ಇಳಿಯಲು 20 ಮೀಟರ್ ಸಾಕು. ದೊಡ್ಡಪ್ಪನ ಎಡಗಡೆ ಬೆಳಕು 20 ಮೀಟರಿಗೇ ಮುಗಿಯುತ್ತಿತ್ತು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿದರೂ ಉಳಿಯುವುದು 6 ಮೀಟರ್. ಅಷ್ಟರಲ್ಲಿ ತುಂಬಿದ ಗಾಡಿ ನಿಲ್ಲುವುದಿಲ್ಲ. ಕಬ್ಬಿನ ಟ್ರ್ಯಾಲಿ ಅವರಿಗೆ ಯಾಕೆ ತಡವಾಗಿ ಕಂಡಿತು ಎಂಬುದಕ್ಕೆ ಈ ಸೀಮೆಸುಣ್ಣದ ಗೆರೆ ಸಾಕ್ಷಿ.

ಬಲಗಡೆ ಡೂಮಿನ ಗೆರೆ 85 ಸೆಂ.ಮೀ. ಎತ್ತರದಲ್ಲಿತ್ತು, ಬಲ್ಬಿಗಿಂತಲೂ ಮೇಲೆ. ಆ ಕಡೆಯ ಬೆಳಕು ಡಿಮ್ ಹಾಕಿದರೂ ಎದುರಿನವರ ಕಣ್ಣಿಗೇ ಹೋಗುತ್ತಿತ್ತು. “ಎಲ್ಲಾರೂ ನನಗ ಲೈಟ್ ಹೊಡದು ಬೈತಿದ್ರು, ಯಾಕಂತ ಗೊತ್ತಾಗಿದ್ದಿಲ್ಲ” ಅಂದರು ದೊಡ್ಡಪ್ಪ. ಒಂದೇ ಗಾಡಿ, ಒಂದು ಕಣ್ಣು ನೆಲ ನೋಡುತ್ತಿತ್ತು, ಇನ್ನೊಂದು ಮುಗಿಲು.

ಸಾಮಾನ್ಯವಾಗಿ ಡಿಮ್ ಬೆಳಕು ಮೀಟರಿಗೆ 1 ಸೆಂ.ಮೀ. ಇಳಿಯುವಂತೆ ಇಡುತ್ತಾರೆ. ಐದು ಮೀಟರಿಗೆ 5 ಸೆಂ.ಮೀ. ನಮ್ಮ ಗಾಡಿಗೆ ಗೋಡೆಯ ಮೇಲೆ 75 ಸೆಂ.ಮೀ. ಎತ್ತರದಲ್ಲಿ ಗೆರೆ ಹಾಕಿ, ತಿರುಪು ತಿರುಗಿಸಿ ಎರಡೂ ಡೂಮಿನ ಮೇಲಂಚನ್ನು ಆ ಗೆರೆಗೆ ತಂದೆವು. ಒಂದನ್ನು ಹೊಂದಿಸುವಾಗ ಇನ್ನೊಂದಕ್ಕೆ ಗೋಣಿಚೀಲ ಮುಚ್ಚಿದೆವು. ಈಗ ಬೆಳಕು ನೆಲ ಮುಟ್ಟುವುದು 80 ಮೀಟರಿನಲ್ಲಿ.

ಪಿಕಪ್ ಗಾಡಿಗೆ ಇನ್ನೊಂದು ತೊಡಕಿದೆ: ಸರಕು. ಹಿಂದೆ ಚೀಲ ಹೇರಿದಾಗ ಹಿಂಬದಿ 6 ಸೆಂ.ಮೀ. ಕುಗ್ಗಿತು ಎನ್ನೋಣ. ಮುಂದಿನ ಹಿಂದಿನ ಗಾಲಿಗಳ ನಡುವೆ ಸುಮಾರು 3 ಮೀಟರ್. ಮೂತಿ ಮೀಟರಿಗೆ 2 ಸೆಂ.ಮೀ. ಮೇಲೇಳುತ್ತದೆ. ಖಾಲಿ ಗಾಡಿಯಲ್ಲಿ 1 ಸೆಂ.ಮೀ. ಇಳಿಯುವಂತೆ ಹೊಂದಿಸಿದ್ದ ಬೆಳಕು ತುಂಬಿದಾಗ 1 ಸೆಂ.ಮೀ. ಏರುತ್ತದೆ. 60 ಮೀಟರ್ ದೂರದಲ್ಲಿ ಅದು 140 ಸೆಂ.ಮೀ. ಎತ್ತರಕ್ಕೆ, ಬೈಕ್ ಸವಾರನ ಕಣ್ಣಿನ ಮಟ್ಟಕ್ಕೆ ಬರುತ್ತದೆ. ದೊಡ್ಡಪ್ಪನ ಗಾಡಿ ಕತ್ತಲಲ್ಲಿ ತುಂಬಿ ಹೋಗುತ್ತದೆ, ಹಗಲಲ್ಲಿ ಖಾಲಿ ಬರುತ್ತದೆ. ಹಾಗಾಗಿ ನಾವು ಚೀಲ ಹೇರಿಯೇ ಹೊಂದಿಸಿದೆವು. ರಾತ್ರಿ ಖಾಲಿ ಓಡಿಸಬೇಕಾದರೆ ಬೆಳಕು ಮೀಟರಿಗೆ 3 ಸೆಂ.ಮೀ. ಇಳಿದು 27 ಮೀಟರಿಗೇ ಮುಗಿಯುತ್ತದೆ, ಆಗ ನಿಧಾನ ಹೋಗಬೇಕು ಎಂದೂ ಹೇಳಿದೆ. ಕೆಲವು ಗಾಡಿಗಳಲ್ಲಿ ಇದಕ್ಕೆ ಡ್ರೈವರ್ ಹತ್ತಿರವೇ ಒಂದು ತಿರುಗಣೆ ಇರುತ್ತದೆ, ನಮ್ಮದರಲ್ಲಿ ಇಲ್ಲ.

ಇದು ಬರೀ ಸೌಜನ್ಯದ ಮಾತಲ್ಲ, ಕಾನೂನೂ ಹೌದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ, ದೀಪದಿಂದ 8 ಮೀಟರ್ ಮುಂದೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಕಣ್ಣು ಕುಕ್ಕದಂತೆ ಬೆಳಕು ಕೆಳಮುಖವಾಗಿರಬೇಕು ಎನ್ನುತ್ತದೆ.

ಮತ್ತೆ ತರಗತಿಗೆ

ಮರುದಿನ ಮಾರ್ಗದರ್ಶಕ ಶಿಕ್ಷಕರ ಬಳಿ ಹೋಗಿ, ತಪ್ಪು ಹೇಳಿದ್ದೇನೆ, ಒಂದು ಪೀರಿಯಡ್ ಬೇಕು ಎಂದೆ. ಅವರು ನಕ್ಕು ತಮ್ಮ ಪೀರಿಯಡ್ ಬಿಟ್ಟುಕೊಟ್ಟರು. ಹಳೇ ಡೂಮುಗಳಲ್ಲಿ ದರ್ಪಣ ಕಡಿಮೆ ಹಾಳಾಗಿದ್ದ ಒಂದನ್ನು ಒರೆಸಿ, ಹಳೇ ಬಲ್ಬು, ಬೈಕಿನ 12 ವೋಲ್ಟ್ ಬ್ಯಾಟರಿ, ಊದುಬತ್ತಿ, ಟೇಪು ತೆಗೆದುಕೊಂಡು ಹೋದೆ.

ಮೊದಲ ಮಾತೇ ಇದು: “ಹೋದ ಪಾಠದಲ್ಲಿ ಡಿಮ್ ಬಗ್ಗೆ ನಾನು ಹೇಳಿದ್ದು ತಪ್ಪು. ಸರಿ ಯಾವುದು ಅಂತ ಇವತ್ತು ನೀವೇ ಕಂಡುಹಿಡಿಯಿರಿ.” ಹೇಳುವಾಗ ನಾಚಿಕೆಯಾಯಿತು. ಮಕ್ಕಳು ನಗಲಿಲ್ಲ. ಬೆಂಚಿನಿಂದ ಮುಂದಕ್ಕೆ ಬಾಗಿದರು, ಅಷ್ಟೇ.

ಕಿಟಕಿ ಮುಚ್ಚಿ ಹೈ ಹಾಕಿದೆವು. ಊದುಬತ್ತಿಯ ಹೊಗೆಯಲ್ಲಿ ಬೆಳಕಿನ ದಾರಿ ಕಂಡಿತು. ಡಿಮ್ ಹಾಕಿದೆವು. “ಸರ್, ಕಡಿಮಿ ಆಗ್ಲಿಲ್ಲ, ಕೆಳಗ ಇಳೀತು!” ಎಂದು ಹಿಂದಿನಿಂದ ಒಬ್ಬ ಕೂಗಿದ. ನಾನು ಹೇಳಬೇಕಾಗಿದ್ದ ವಾಕ್ಯವನ್ನು ಅವನೇ ಹೇಳಿಬಿಟ್ಟ. ಆಮೇಲೆ ಡೂಮನ್ನು ತಲೆಕೆಳಗು ಮಾಡಿ ಹಿಡಿದೆ. ಅದೇ ಡಿಮ್ ಬೆಳಕು ಗೋಡೆ ಹತ್ತಿ ಮೇಲಕ್ಕೆ ಹೋಯಿತು. ಬಲ್ಬು ಆರಿಸಿ, ತಣ್ಣಗಾದ ಮೇಲೆ, ಗುಂಪು ಗುಂಪಾಗಿ ಬಂದು ಒಳಗಿನ ಎರಡು ತಂತು ಮತ್ತು ಬಟ್ಟಲು ನೋಡಿದರು. ಆಮೇಲೆ ಕಿರಣ ಚಿತ್ರ ಬರೆಯಲು ಹೇಳಿದೆ. ಸಂಗಮದಾಚೆಯ ವಸ್ತುವಿಗೆ ಕಿರಣ ಬಾಗುವ ಚಿತ್ರವನ್ನು ಅವರು ಮೊದಲೇ ಕಲಿತಿದ್ದರು. ಅದು ಹೆಡ್‌ಲೈಟಿನಲ್ಲೇ ಇದೆ ಎಂದು ಗೊತ್ತಿರಲಿಲ್ಲ, ಅಷ್ಟೇ.

ಆ ಹುಡುಗಿಯನ್ನು ಕೇಳಿದೆ, ನಿನಗೆ ಈ ಪ್ರಶ್ನೆ ಯಾಕೆ ಬಂತು? “ನಮ್ಮಪ್ಪ ಕಂಪ್ಲಿ ರೈಸ್ ಮಿಲ್ಲಿನಿಂದ ರಾತ್ರಿ ಬೈಕಿನಾಗ ಬರ್ತಾನ್ರಿ. ಎದುರು ಬರೋ ಗಾಡ್ಯೋರು ಡಿಮ್ ಹಾಕಿದ್ರೂ ಕಣ್ಣಿಗೇ ಹೊಡಿತತಿ ಅಂತಾನ. ಡಿಮ್ ಹಾಕಿದ್ರೂ ಹೆಂಗ್ ಹೊಡಿತತಿ ಅಂತ...” ಅವಳ ಪ್ರಶ್ನೆಯ ಹಿಂದೆ ಒಂದು ಮನೆ ರಾತ್ರಿ ಬಾಗಿಲು ತೆರೆದು ಕಾಯುತ್ತಿತ್ತು. ನಾನು ಅದಕ್ಕೆ ಕರೆಂಟು ಕಡಿಮೆಯಾಗುತ್ತದೆ ಎಂದು ಹೇಳಿ ಕೂರಿಸಿದ್ದೆ. ಆ ದಿನ ಚೀಲ ತುಂಬಿದ ಪಿಕಪ್ಪಿನ ಲೆಕ್ಕವನ್ನು ಅವಳೇ ಕಪ್ಪುಹಲಗೆಯ ಮೇಲೆ ಮಾಡಿದಳು. 140 ಸೆಂ.ಮೀ. ಎಂದು ಬಂದಾಗ ತಿರುಗಿ ನೋಡಿ, “ಅಪ್ಪನ ಕಣ್ಣು ಅಷ್ಟೇ ಎತ್ತರ ಇರ್ತತಿ ಸರ್” ಅಂದಳು.

ಪಾಠದಲ್ಲಿ ಕೊರತೆಗಳೂ ಇದ್ದವು. 40 ನಿಮಿಷ ಸಾಲಲಿಲ್ಲ, ಮೌಲ್ಯಮಾಪನ ಮರುದಿನಕ್ಕೆ ಹೋಯಿತು. ಹಿಂದೆ ಕೂತವರಿಗೆ ಹೊಗೆ ಸರಿಯಾಗಿ ಕಾಣಲಿಲ್ಲ. ಮೌಲ್ಯಮಾಪನಕ್ಕೆ ‘ನಿಮ್ನ ದರ್ಪಣದ ಎರಡು ಉಪಯೋಗ ಬರೆಯಿರಿ’ ಎಂಬುದನ್ನು ತೆಗೆದು, ‘ಹೆಡ್‌ಲೈಟಿನ ಡೂಮ್ ತಲೆಕೆಳಗಾಗಿ ಕೂತರೆ ಡಿಮ್ ಬೆಳಕು ಎಲ್ಲಿಗೆ ಹೋಗುತ್ತದೆ, ಏಕೆ?’ ಎಂದು ಕೇಳಿದೆ. ಎಲ್ಲಿಗೆ ಎಂಬುದನ್ನು ಬಹುಪಾಲು ಮಕ್ಕಳು ಬರೆದರು. ಏಕೆ ಎಂಬುದನ್ನು ಪೂರ್ತಿ ಬರೆದವರು ಕಡಿಮೆ. ಬಟ್ಟಲಿನ ಕೆಲಸ ಇನ್ನೊಮ್ಮೆ ಹೇಳಬೇಕಾಯಿತು.

ಮಿತ್ರರಿಗೆ ಕೆಲವು ಸೂಚನೆ

ಈ ಚಟುವಟಿಕೆ ಮಾಡುವವರು ಹಳೇ ಡೂಮ್, ಬಲ್ಬನ್ನು ಊರಿನ ಗ್ಯಾರೇಜಿನಲ್ಲಿ ಕೇಳಿ ತನ್ನಿ, ಬಿಸಾಕುವ ವಸ್ತುವಾದ್ದರಿಂದ ಸಿಗುತ್ತದೆ. ಬಲ್ಬನ್ನು ಒಂದೆರಡು ನಿಮಿಷಕ್ಕಿಂತ ಹೆಚ್ಚು ಉರಿಸಬೇಡಿ, ಬಹಳ ಬಿಸಿಯಾಗುತ್ತದೆ. ಬ್ಯಾಟರಿ ವೈರಿಗೆ ಫ್ಯೂಸ್ ಹಾಕಿ. ಹೈ ಬೆಳಕನ್ನು ಮಕ್ಕಳ ಮುಖದ ಕಡೆ ತಿರುಗಿಸಬೇಡಿ, ಗೋಡೆಯ ಕಡೆಗೇ ಇರಲಿ. ಗೋಡೆ, ಟೇಪಿನ ಅಳತೆಯನ್ನು ಗಣಿತದ ‘ಸಮರೂಪ ತ್ರಿಭುಜಗಳು’ ಪಾಠಕ್ಕೂ, ವೋಲ್ಟೇಜಿನ ಅಳತೆಯನ್ನು ‘ವಿದ್ಯುಚ್ಛಕ್ತಿ’ ಪಾಠಕ್ಕೂ ಬಳಸಿಕೊಳ್ಳಬಹುದು.

ಎರಡು ದಿನ ಬಿಟ್ಟು, ಮನೆಯಲ್ಲಿ ಸಣ್ಣ ಗೂಡ್ಸ್ ಗಾಡಿ ಇರುವ ಹುಡುಗನೊಬ್ಬ ಅಪ್ಪನ ಜೊತೆ ಗೋಡೆಯ ಮುಂದೆ ಗಾಡಿ ನಿಲ್ಲಿಸಿ ಅಳೆದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದ. ಅವರ ಗಾಡಿಯ ಬಲಗಡೆ ಡೂಮ್ ಮೇಲೆ ನೋಡುತ್ತಿತ್ತಂತೆ. “ಸರಿ ಮಾಡಿದ್ವಿ ಸರ್. ಸ್ಕ್ರೂಡ್ರೈವರ್ ಅಷ್ಟೇ ಬೇಕಾತು” ಅಂದ.

ದೊಡ್ಡಪ್ಪ ಈಗಲೂ ಬೆಳಗಿನ ಜಾವ ಮೂರಕ್ಕೇ ಹೊರಡುತ್ತಾರೆ. ಗೋದಾಮಿನ ಗೋಡೆಯ ಮೇಲಿನ 75 ಸೆಂ.ಮೀ. ಗೆರೆಗೆ ಬಣ್ಣ ಹಚ್ಚಿಸಿದ್ದಾರೆ. ಸರಕು ಹೇರಿದ ಮೇಲೆ ಗಾಡಿಯನ್ನು ಅದರ ಮುಂದೆ ಒಂದು ನಿಮಿಷ ನಿಲ್ಲಿಸಿ, ಡಿಮ್ ಹಾಕಿ ನೋಡಿ ಹೋಗುತ್ತಾರೆ.